ದೇಶಗಳನ್ನು ಅಳೆದ ಕೋಲು

ಕಣಜದ ಕಾಳನ್ನು ಕೊಳಗದಿಂದ ಅಳೆಯಬಹುದು. ಅದರಿಂದ ಎಷ್ಟು ಮಂದಿಯ ಹಸಿವು ಹಿಂಗಿತೆಂಬುದನ್ನು ಕೊಳಗ ಹೇಳಲಾರದು. ರಾಷ್ಟ್ರಗಳ ಸಂಪರ್ಕಸಾಧನೆಯನ್ನು ಅಳೆಯಹೊರಟವರಿಗೆ ಎದುರಾದ ತೊಡಕೂ ಇದೇ.

1865ರಲ್ಲಿ ಪ್ಯಾರಿಸ್ಸಿನಲ್ಲಿ 20 ರಾಷ್ಟ್ರಗಳು ಕೂಡಿ ತಂತಿ ಒಕ್ಕೂಟವೊಂದನ್ನು ಸ್ಥಾಪಿಸಿದವು. ಇಂದಿನ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮೂಲ ಅದೇ. ದೂರವಾಣಿ ಬಂದ ಮೇಲೆ ದೇಶದೇಶಗಳನ್ನು ಹೋಲಿಸುವ ಲೆಕ್ಕ ಬಹುಕಾಲ ಒಂದೇ ಆಗಿತ್ತು: ನೂರು ಜನರಿಗೆ ಎಷ್ಟು ದೂರವಾಣಿ?

ಆ ಲೆಕ್ಕದ ಹಿಂದಿನ ಅನ್ಯಾಯವನ್ನು ಜಗತ್ತಿನ ಕಣ್ಣಿಗೆ ಹಿಡಿದದ್ದು ಸರ್ ಡೊನಾಲ್ಡ್ ಮೇಟ್ಲಂಡರ ಅಧ್ಯಕ್ಷತೆಯ ಆಯೋಗ. 1982ರ ನೈರೋಬಿ ಸಮ್ಮೇಳನದ ನಿರ್ಣಯದಂತೆ ರಚಿತವಾದ ಅದು 1985ರ ಆರಂಭದಲ್ಲಿ ‘ಕಳಚಿದ ಕೊಂಡಿ’ ಎಂಬರ್ಥದ ಹೆಸರಿನ ವರದಿಯನ್ನು ಹೊರತಂದಿತು. ಜಗತ್ತಿನ 60 ಕೋಟಿ ದೂರವಾಣಿಗಳಲ್ಲಿ ಮುಕ್ಕಾಲು ಪಾಲು ಒಂಬತ್ತೇ ದೇಶಗಳಲ್ಲಿದ್ದವು. ಇಡೀ ಆಫ್ರಿಕಾ ಖಂಡಕ್ಕಿಂತ ಟೋಕಿಯೋ ನಗರವೊಂದರಲ್ಲೇ ಹೆಚ್ಚು ದೂರವಾಣಿಗಳಿದ್ದವು. ಆದರೆ ಮನೆಮನೆಗೂ ದೂರವಾಣಿ ಬೇಕೆಂದು ಆಯೋಗ ಕೇಳಲಿಲ್ಲ. ಮುಂದಿನ ಶತಮಾನದ ಆರಂಭದೊಳಗೆ ಮನುಕುಲವೆಲ್ಲ ಸುಲಭವಾಗಿ ತಲುಪುವಷ್ಟು ಹತ್ತಿರದಲ್ಲಿ ಅದು ಇರಲಿ ಎಂದಿತು. ಒಡೆತನದ ಮಾತು ಹಿಂದೆ ಸರಿದು ದೂರದ ಮಾತು ಮುಂದೆ ಬಂದಿತು.

ನಮ್ಮ ದೇಶ ಹಿಡಿದ ದಾರಿಯೂ ಇದಕ್ಕೆ ಸಮೀಪವಾದುದೇ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆ, ಹವಾನಿಯಂತ್ರಣವಿಲ್ಲದೆಯೂ ನಡೆಯಬಲ್ಲ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿತು. ಅಂಥ ಮೊದಲ ಕೇಂದ್ರ 1986ರಲ್ಲಿ ಸ್ಥಾಪನೆಗೊಂಡದ್ದು ನಮ್ಮ ಕಿತ್ತೂರಿನಲ್ಲಿ. ಮುಂದೆ ಊರೂರಿನಲ್ಲಿ ಹಳದಿ ಫಲಕದ ಸಾರ್ವಜನಿಕ ದೂರವಾಣಿ ಗೂಡುಗಳು ತಲೆಯೆತ್ತಿದವು. ದೂರದ ಮಗನ ದನಿ ಕೇಳಲು ಸಾಲುಗಟ್ಟಿ ನಿಂತವರೆಷ್ಟೋ! ತಲಾ ಲೆಕ್ಕದಲ್ಲಿ ಮಾತ್ರ ಆ ಗೂಡು ಒಂದೇ ಒಂದು ದೂರವಾಣಿ.

2009ರಲ್ಲಿ ಒಕ್ಕೂಟವು ಲಭ್ಯತೆ, ಬಳಕೆ, ಕೌಶಲ ಎಂಬ ಮೂರು ವಿಭಾಗಗಳಲ್ಲಿ 11 ಸೂಚಕಗಳನ್ನು ಜೋಡಿಸಿ ಹೊಸ ಸೂಚ್ಯಂಕವನ್ನು ಪ್ರಕಟಿಸಿತು. 2017ರ ಪಟ್ಟಿಯಲ್ಲಿ ಐಸ್‌ಲ್ಯಾಂಡ್ ಮೊದಲನೆಯದು; 176 ದೇಶಗಳ ನಡುವೆ ಭಾರತ 134ನೆಯದು. ಅಲ್ಲಿಯೂ ಎಣಿಕೆಗೆ ಸಿಕ್ಕ ಒಂದು ಅಂಶ ಮೊಬೈಲ್ ಸಂಪರ್ಕಗಳ ಸಂಖ್ಯೆ. ಒಬ್ಬನ ಜೇಬಿನಲ್ಲಿ ಎರಡು ಸಿಮ್ ಇದ್ದರೆ ಲೆಕ್ಕಕ್ಕೆ ಎರಡು. ಅದೇ ಮನೆಯ ಹೆಣ್ಣುಮಗಳ ಬರಿಗೈ ಲೆಕ್ಕಕ್ಕೆ ಕಾಣದು. ಹಿಂದೆ ನೂರು ಜನರ ಮಾತು ಒಂದಾಗಿ ಎಣಿಸಲ್ಪಟ್ಟಿತ್ತು. ಈಗ ಒಬ್ಬನ ಮಾತು ಎರಡಾಯಿತು.

ಸೂಚಕಗಳ ಬಗೆಗೆ ಸಹಮತ ಮೂಡದೆ 2017ರ ನಂತರ ಕೆಲವು ವರ್ಷ ಸೂಚ್ಯಂಕ ನಿಂತೇಹೋಗಿತ್ತು. 2023ರಲ್ಲಿ ಹೊಸ ರೂಪದಲ್ಲಿ ಮರಳಿದಾಗ ಅದು ಕೇಳಿದ ಪ್ರಶ್ನೆಗಳಲ್ಲೊಂದು: ಸ್ವಂತ ಮೊಬೈಲ್ ಉಳ್ಳವರು ಜನರಲ್ಲಿ ಎಷ್ಟು ಪಾಲು? ಉಪಕರಣವನ್ನು ಎಣಿಸುತ್ತಿದ್ದ ಕಣ್ಣು ಮನುಷ್ಯನ ಕಡೆಗೆ ಹೊರಳಿತು. ಆ ಸಣ್ಣ ತಿದ್ದುಪಡಿಗೆ ಇಷ್ಟು ಕಾಲ ಹಿಡಿಯಿತು.