ಕೋಣೆಯನ್ನು ಪೆಟ್ಟಿಗೆಯಲ್ಲಿಟ್ಟವರು

ಮುಂಬಯಿಯ ನಮ್ಮ ಕೋಣೆ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ್ದು. ಅದರ ಮೂಲೆಯಲ್ಲಿ ಐದು ವಾಟ್‌ನ ಪುಟ್ಟ ಗಿಟಾರ್ ಆಂಪ್ ಒಂದಿದೆ. ತಂತಿ ಮೀಟಿದರೆ ನಾದವು ಹುಟ್ಟಿದ ಜಾಗದಲ್ಲಿಯೇ ಸತ್ತುಹೋಗುತ್ತದೆ. ಹಾಸಿಗೆ, ಪರದೆ, ಗೂಟಕ್ಕೆ ತೂಗಿದ ಬಟ್ಟೆ, ಪುಸ್ತಕದ ಕಪಾಟು ಎಲ್ಲವೂ ಸೇರಿ ಅದನ್ನು ಕುಡಿದುಬಿಡುತ್ತವೆ. ಈ ಆಂಪ್‌ಗೆ ಒಂದು ರಿವರ್ಬ್ ಪೆಡಲ್ ಕೊಳ್ಳೋಣವೇ, ಕೈಯಾರೆ ಕಟ್ಟೋಣವೇ ಎಂದು ವಿಚಾರಿಸಲು ಹೊರಟ ನಾವು, ಅಂಗಡಿಯ ಬಾಗಿಲು ತಲಪುವ ಮೊದಲೇ ನೂರು ವರ್ಷಗಳಿಗೂ ಮೀರಿದ ಒಂದು ಚರಿತ್ರೆಯೊಳಗೆ ಇಳಿದುಬಿಟ್ಟೆವು. ಅಲ್ಲಿ ಕಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಪೆಡಲ್ ಆರಿಸುವವನು ತನಗೆ ತಿಳಿಯದೆಯೇ ಈ ಚರಿತ್ರೆಯ ಒಂದು ಕವಲನ್ನು ಆರಿಸುತ್ತಾನೆ ಎಂಬುದು ನಮ್ಮ ತಿಳಿವಳಿಕೆ.

ಮೊದಲು ಪದದ ಮಾತು. ವಿಜಯಪುರದ ಗೋಲಗುಮ್ಮಟದೊಳಗೆ ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಎಣಿಸುವಷ್ಟು ಸ್ಪಷ್ಟವಾಗಿ ಮರಳುತ್ತದೆ, ಅದು ಪ್ರತಿಧ್ವನಿ. ಆದರೆ ಮೂಲದನಿಯ ಬೆನ್ನಿಗೇ, ಸುಮಾರು 50 ಮಿಲಿಸೆಕೆಂಡಿನೊಳಗೆ ಬಂದ ಮರುದನಿಯನ್ನು ಕಿವಿ ಬೇರೆಯೆಂದು ಗುರುತಿಸುವುದಿಲ್ಲ. ಅಂಥ ಸಾವಿರಾರು ಮರುದನಿಗಳು ಒಂದರೊಳಗೊಂದು ಕಲೆತು ನಿಧಾನವಾಗಿ ಇಳಿದುಹೋಗುವುದೇ ರಿವರ್ಬ್. ಕನ್ನಡದಲ್ಲಿ ಅದಕ್ಕೆ ಅನುರಣನ ಎನ್ನುತ್ತೇವೆ. ಈ ಮಾತು ಸಾಹಿತ್ಯದ ಓದುಗರಿಗೆ ಹೊಸದಲ್ಲ. ವಾಚ್ಯಾರ್ಥದ ಹಿಂದೆಯೇ ವ್ಯಂಗ್ಯಾರ್ಥವು ತೋರಿಬರುವ ಒಂದು ಬಗೆಯನ್ನು ಧ್ವನಿಸಿದ್ಧಾಂತಿಗಳು ಘಂಟೆಯ ಅನುರಣನಕ್ಕೆ ಹೋಲಿಸಿದರು. ಪೆಟ್ಟು ಮೊದಲು, ರಣನ ಅನಂತರ. ಈ ಕ್ರಮವನ್ನು ನೆನಪಿಟ್ಟುಕೊಳ್ಳಬೇಕು. ಪೆಡಲ್ ಆರಿಸುವಾಗ ಇದು ಮತ್ತೆ ಬರುತ್ತದೆ.

ಅನುರಣನವನ್ನು ಮೊದಲು ಅಳೆದವರಿಗೆ ಅದು ಬೇಡದ ವಸ್ತುವಾಗಿತ್ತು. 1895ರಲ್ಲಿ ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸ ಕೋಣೆಯಲ್ಲಿ ಯಾರ ಮಾತೂ ಯಾರಿಗೂ ತಿಳಿಯದ ಸ್ಥಿತಿ ಇತ್ತು. ಆಡಿದ ಒಂದು ಪದ ಐದೂವರೆ ಸೆಕೆಂಡುಗಳ ಕಾಲ ಕೋಣೆಯಲ್ಲೇ ಉಳಿಯುತ್ತಿತ್ತು. ಅಷ್ಟರಲ್ಲಿ ಉಪನ್ಯಾಸಕರು ಇನ್ನೊಂದು ವಾಕ್ಯವನ್ನು ಮುಗಿಸಿರುತ್ತಿದ್ದರು. ಇದನ್ನು ಸರಿಪಡಿಸುವ ಹೊಣೆ ವಾಲೆಸ್ ಸ್ಯಾಬಿನ್ ಎಂಬ ತರುಣ ಭೌತವಿಜ್ಞಾನಿಗೆ ಬಿತ್ತು. ಅವರು ಊರು ಮಲಗಿದ ಮೇಲೆ, ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಆಸನಗಳ ಮೆತ್ತೆಗಳನ್ನು ಹೊತ್ತು ತಂದು, ಒಂದು ಆರ್ಗನ್ ಕೊಳವೆಯನ್ನು ನುಡಿಸಿ, ನಾದ ಅಡಗಲು ಹಿಡಿಯುವ ಕಾಲವನ್ನು ಅಳೆದರು. ಮೆತ್ತೆಗಳು ಹೆಚ್ಚಿದಷ್ಟೂ ಕಾಲ ಕಡಿಮೆಯಾಗುತ್ತಿತ್ತು. ಬೆಳಗಾಗುವ ಮುನ್ನ ಎಲ್ಲವನ್ನೂ ಮತ್ತೆ ಸ್ವಸ್ಥಾನಕ್ಕೆ ಸೇರಿಸಬೇಕಿತ್ತು. ಕೊನೆಗೆ ದೊರೆತದ್ದು ಸರಳವಾದ ಸೂತ್ರ: ಅನುರಣನದ ಕಾಲವು ಕೋಣೆಯ ಗಾತ್ರದೊಂದಿಗೆ ಏರುತ್ತದೆ, ಒಳಗಿರುವ ವಸ್ತುಗಳು ಹೀರುವ ಪ್ರಮಾಣದೊಂದಿಗೆ ಇಳಿಯುತ್ತದೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಈ ಅರಿವಿನ ಮೇಲೆ ಕಟ್ಟಿದ ಸಭಾಂಗಣ. ಸಭಿಕರು ತುಂಬಿದಾಗ ಅಲ್ಲಿಯ ಅನುರಣನ ಸುಮಾರು 1.9 ಸೆಕೆಂಡು.

ಇದೇ ಸೂತ್ರವನ್ನು ನಮ್ಮ ಕೋಣೆಗೆ ಹಾಕಿ ನೋಡಿದೆವು. ಗಾತ್ರ ಸುಮಾರು 32 ಘನಮೀಟರ್. ಹಾಸಿಗೆ ಪರದೆಗಳೆಲ್ಲ ಸೇರಿ ಹತ್ತು ಚದರ ಮೀಟರಿನ ತೆರೆದ ಕಿಟಕಿಯಷ್ಟು ಸದ್ದನ್ನು ಹೀರುತ್ತವೆಯೆಂದು ಹಿಡಿದರೆ ಉತ್ತರ ಅರ್ಧ ಸೆಕೆಂಡು. ಬಾಸ್ಟನ್ನಿನ ಸಭಾಂಗಣಕ್ಕೂ ನಮ್ಮ ಕೋಣೆಗೂ ನಡುವಿನ ಆ ಒಂದೂವರೆ ಸೆಕೆಂಡನ್ನು ತುಂಬಿಸುವುದಕ್ಕಾಗಿಯೇ ಮುಂದಿನ ಎಲ್ಲ ಯಂತ್ರಗಳೂ ಹುಟ್ಟಿದವು.

ಆ ಕೊರತೆಯನ್ನು ಮೊದಲು ವ್ಯಾಪಾರದ ಪ್ರಶ್ನೆಯಾಗಿ ಎದುರಿಸಿದವರು ಷಿಕಾಗೋದ ಲಾರೆನ್ಸ್ ಹ್ಯಾಮಂಡ್. ಅವರು ಸಂಗೀತಗಾರರಲ್ಲ, ಗಡಿಯಾರ ತಯಾರಕರು. ವಿದ್ಯುತ್ ಪ್ರವಾಹದ ಆವರ್ತನೆಗೆ ಹೆಜ್ಜೆ ಹೊಂದಿಸಿಕೊಂಡು ತಿರುಗುವ ಮೋಟಾರು ಅವರ ಗಡಿಯಾರಗಳ ಜೀವ. ಅದೇ ಬಗೆಯ ಮೋಟಾರಿನಿಂದ 91 ಹಲ್ಲುಚಕ್ರಗಳನ್ನು ತಿರುಗಿಸಿ 1935ರಲ್ಲಿ ವಿದ್ಯುತ್ ಆರ್ಗನ್ನನ್ನು ಮಾರುಕಟ್ಟೆಗೆ ತಂದರು. ಇಗರ್ಜಿಯ ಕಲ್ಲಿನ ಗೋಡೆಗಳ ನಡುವೆ ಆರ್ಗನ್ ಕೇಳಿದ ಕಿವಿಗಳಿಗೆ, ರತ್ನಗಂಬಳಿ ಹಾಸಿದ ಮನೆಯಲ್ಲಿ ನುಡಿಯುವ ಈ ವಾದ್ಯ ಬಡವಾಗಿ ಕೇಳಿಸಿತು. ಇಗರ್ಜಿಯನ್ನು ಮನೆಗೆ ತರುವುದು ಹೇಗೆ?

ಉತ್ತರ ಸಿಕ್ಕಿದ್ದು ದೂರವಾಣಿಯ ಲೋಕದಲ್ಲಿ. ದೂರದೂರಿನ ಕರೆಗಳಲ್ಲಿ ಮಾತು ತಡವಾಗಿ ಮರಳುವ ತೊಂದರೆಯನ್ನು ಅಭ್ಯಾಸ ಮಾಡಲು ಬೆಲ್ ಪ್ರಯೋಗಾಲಯದವರು ಲೋಹದ ಸುರುಳಿಯೊಂದರೊಳಗೆ ಧ್ವನಿಯನ್ನು ಹಾಯಿಸುವ ಸಾಧನವನ್ನು ಮಾಡಿಕೊಂಡಿದ್ದರು. ಗಾಳಿಗಿಂತ ಸುರುಳಿಯಲ್ಲಿ ಕಂಪನದ ಪಯಣ ನಿಧಾನ; ಆದ್ದರಿಂದ ಗೇಣುದ್ದದ ಸ್ಪ್ರಿಂಗ್ ದೊಡ್ಡ ಕೋಣೆಯ ತಡವನ್ನು ಕೊಡಬಲ್ಲದು. ಹ್ಯಾಮಂಡ್ ಇದನ್ನು ಎತ್ತಿಕೊಂಡರು. ಆರಂಭದ ಸಾಧನಗಳು ಸುಮಾರು ನಾಲ್ಕು ಅಡಿ ಎತ್ತರದವು. ಕೆಲವು ಸುರುಳಿಗಳನ್ನು ಎಣ್ಣೆ ತುಂಬಿದ ಕೊಳವೆಗಳಲ್ಲಿ ಇಳಿಬಿಟ್ಟಿರುತ್ತಿದ್ದರು. 1960ರ ಹೊತ್ತಿಗೆ ಅದು ಒಂದೂವರೆ ಅಡಿಗೂ ಕಡಿಮೆ ಉದ್ದದ ತಗಡಿನ ತೊಟ್ಟಿಲಾಯಿತು. ಒಂದು ಕೊನೆಯಲ್ಲಿ ಧ್ವನಿಯ ವಿದ್ಯುತ್ತು ಪುಟ್ಟ ಅಯಸ್ಕಾಂತವನ್ನು ಅಲುಗಿಸುತ್ತದೆ, ಅದು ಸುರುಳಿಯನ್ನು ತಿರುಚುತ್ತದೆ. ತಿರುಚು ಇನ್ನೊಂದು ಕೊನೆ ಮುಟ್ಟಿ ಮತ್ತೆ ವಿದ್ಯುತ್ತಾಗುತ್ತದೆ, ಅಲ್ಲಿಂದ ಹಿಂದಿರುಗುತ್ತದೆ, ಮತ್ತೆ ಬರುತ್ತದೆ. ಎರಡು ಸುರುಳಿಗಳ ತಡವನ್ನು ಬೇಕೆಂದೇ ಬೇರೆಯಾಗಿ ಇಡಲಾಗಿತ್ತು: ಒಂದರದು ಸುಮಾರು 33 ಮಿಲಿಸೆಕೆಂಡು, ಇನ್ನೊಂದರದು 41. ಎರಡೂ ಒಮ್ಮೆಗೇ ಮರಳಿದರೆ ಕಿವಿ ಮೋಸವನ್ನು ಹಿಡಿದುಬಿಡುತ್ತದೆ.

ಹಾಗಿದ್ದೂ ಮೋಸ ಪೂರ್ತಿ ಮುಚ್ಚಲಿಲ್ಲ. ಗಾಳಿಯಲ್ಲಿ ಮಂದ್ರವೂ ತಾರವೂ ಒಂದೇ ವೇಗದಲ್ಲಿ ಚಲಿಸುತ್ತವೆ. ಸುರುಳಿಯಲ್ಲಿ ಹಾಗಲ್ಲ, ಒಂದೊಂದು ಆವರ್ತನೆಗೆ ಒಂದೊಂದು ವೇಗ. ಹಾಗಾಗಿ ಚುರುಕಾಗಿ ಮೀಟಿದ ನಾದವು ಸುರುಳಿಯಿಂದ ಹೊರಬರುವಾಗ ನೀರಿನ ಹನಿ ತೊಟ್ಟಿಕ್ಕಿದಂತೆ ಕೇಳುತ್ತದೆ. ಲೋಕದ ಯಾವ ಕೋಣೆಯಲ್ಲೂ ಈ ಸದ್ದು ಇಲ್ಲ. ಆರ್ಗನ್ ಮಾರುವವರಿಗೆ ಇದು ಕುಂದು. ಗಿಟಾರಿನವರು ಇದನ್ನೇ ಮುದ್ದು ಮಾಡಿದರು.

1961ರಲ್ಲಿ ಕ್ಯಾಲಿಫೋರ್ನಿಯಾದ ಫೆಂಡರ್ ಸಂಸ್ಥೆ ಸ್ಪ್ರಿಂಗ್ ತೊಟ್ಟಿಲಿಗೆ ವಾಲ್ವುಗಳನ್ನು ಜೋಡಿಸಿ ಬಿಡಿ ಪೆಟ್ಟಿಗೆಯೊಂದನ್ನು ಹೊರತಂದಿತು. ಗಿಟಾರಿಗೂ ಆಂಪಿಗೂ ನಡುವೆ ಇಡುವ ಈ ಪೆಟ್ಟಿಗೆಗೆ ಮೂರು ಗುಂಡಿಗಳು: ಸುರುಳಿಯನ್ನು ಎಷ್ಟು ಬಲವಾಗಿ ಅಲುಗಿಸಬೇಕು, ಮೂಲದನಿಗೆ ಎಷ್ಟು ಬೆರೆಸಬೇಕು, ಅದರ ಬಣ್ಣ ಹೇಗಿರಬೇಕು. ತಮ್ಮ ಹಾಡುವ ದನಿ ಬೇಗ ಒಣಗಿಹೋಗುತ್ತದೆಂದು ಇಂಥದೊಂದನ್ನು ಬಯಸಿದ್ದಾಗಿ ಡಿಕ್ ಡೇಲ್ ಮುಂದೆ ಹೇಳುತ್ತಿದ್ದರು. ಆದರೆ ಅದು ಚರಿತ್ರೆಯಾದದ್ದು ಕಡಲತೀರದ ಸರ್ಫ್ ಸಂಗೀತದ ಗಿಟಾರಿನಲ್ಲಿ. ಇಗರ್ಜಿಯ ನಕಲಾಗಲು ಹೊರಟ ಸುರುಳಿ, ನಕಲು ಮಾಡಲು ಸೋತು ತಾನೇ ಒಂದು ವಾದ್ಯವಾಯಿತು. 1963ರ ವೈಬ್ರೊವರ್ಬ್‌ನೊಂದಿಗೆ ಫೆಂಡರ್ ಸ್ಪ್ರಿಂಗನ್ನು ಆಂಪಿನ ಒಳಗೇ ಇಟ್ಟಿತು. ಮರುವರ್ಷ ಪ್ರಿನ್ಸ್‌ಟನ್ ರಿವರ್ಬ್ ಬಂದಿತು. ಆದರೆ ಅದೇ ಸಂಸ್ಥೆಯ ಅತಿ ಸಣ್ಣ ಆಂಪ್ ಆದ ಚಾಂಪ್, ಐದು ವಾಟ್‌ಗಳ ಆ ಕಲಿಕೆಯ ಪೆಟ್ಟಿಗೆ, ಆ ಕಾಲದಲ್ಲಿ ಒಣಗಿಯೇ ಉಳಿಯಿತು. ಸಣ್ಣ ಕೋಣೆಯಲ್ಲಿ ನುಡಿಯುವ ಸಣ್ಣ ಆಂಪಿಗೇ ಅನುರಣನ ಹೆಚ್ಚು ಬೇಕು. ಬೆಲೆಯೂ ಜಾಗವೂ ಅದಕ್ಕೇ ಅದನ್ನು ನಿರಾಕರಿಸಿದವು. ಇಂದಿಗೂ ಬಿಡಿ ಪೆಡಲಿನ ಅಗತ್ಯ ಹುಟ್ಟುವುದು ಇಲ್ಲಿಂದಲೇ.

ಸ್ಟುಡಿಯೋಗಳ ದಾರಿ ಬೇರೆಯಾಗಿತ್ತು. ಅಲ್ಲಿ ಜಾಗವಿತ್ತು, ಹಣವಿತ್ತು. 1957ರಲ್ಲಿ ಜರ್ಮನಿಯ ಇಎಂಟಿ ಸಂಸ್ಥೆ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆಯನ್ನು ಚೌಕಟ್ಟಿನಲ್ಲಿ ಬಿಗಿದು ಅದರಿಂದ ಅನುರಣನ ಪಡೆಯಿತು. ಯಂತ್ರದ ತೂಕ ಸುಮಾರು 270 ಕಿಲೋ. 1960ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಮ್ಯಾನ್‌ಫ್ರೆಡ್ ಶ್ರೋಡರ್, ಸುರುಳಿಯೂ ಹಾಳೆಯೂ ಇಲ್ಲದೆ ಬರಿಯ ಲೆಕ್ಕದಿಂದ ಕೋಣೆಯನ್ನು ಕಟ್ಟುವ ಬಗೆಯನ್ನು ತೋರಿಸಿದರು. ಕಿವಿಗೆ ನಿಜವೆನಿಸಬೇಕಾದರೆ ಸೆಕೆಂಡಿಗೆ ಸುಮಾರು ಸಾವಿರ ಮರುದನಿಗಳು ಬೇಕೆಂಬುದು ಅವರು ಕಂಡುಕೊಂಡ ಅಳತೆ. ಅಂದಿನ ಕಂಪ್ಯೂಟರುಗಳಿಗೆ ಅದು ಸಂಗೀತದ ವೇಗದಲ್ಲಿ ಆಗದ ಕೆಲಸ. 1976ರಲ್ಲಿ ಇಎಂಟಿಯ ಡಿಜಿಟಲ್ ಯಂತ್ರ ಬಂದಾಗ ಅದು ಸಾಧ್ಯವಾಯಿತು. 1987ರಲ್ಲಿ ಜಪಾನಿನ ಬಾಸ್ ಸಂಸ್ಥೆಯ ಆರ್‌ವಿ-2 ಬಂದಾಗ ಅದು ಕಾಲಡಿಯ ಪುಟ್ಟ ಪೆಡಲಿನೊಳಗೆ ಹಿಡಿಯಿತು.

ಇಂದು ಮನೆಯಲ್ಲಿ ಪೆಡಲ್ ಕಟ್ಟುವವರ ಮೇಜಿಗೆ ಎರಡು ಚಿಪ್‌ಗಳು ಬರುತ್ತವೆ. ಒಂದು, ಕರಾವೋಕೆ ಯಂತ್ರಗಳ ಪ್ರತಿಧ್ವನಿಗಾಗಿ ತೈವಾನಿನಲ್ಲಿ ತಯಾರಾದ ಪಿಟಿ2399. ಒಂಟಿಯಾಗಿ ಅದು ಪ್ರತಿಧ್ವನಿಯನ್ನಷ್ಟೇ ಕೊಡುತ್ತದೆ. ಅಂಥ ಮೂರನ್ನು ಒಂದಕ್ಕೊಂದು ಹೆಣೆದು ಒಂದೇ ಅಚ್ಚಿನಲ್ಲಿ ಮುಚ್ಚಿದ್ದು ಬೆಲ್ಟನ್ ಇಟ್ಟಿಗೆ. ಸ್ಪ್ರಿಂಗ್ ತೊಟ್ಟಿಲಿಗೆ ಬದಲಿಯಾಗಿ ಅದನ್ನು ರೂಪಿಸಲಾಯಿತು. ಇನ್ನೊಂದು ಎಫ್‌ವಿ-1. ಇದನ್ನು ರೂಪಿಸಿದ ಕೀತ್ ಬಾರ್ 1970ರ ದಶಕದಲ್ಲಿ ಎಂಎಕ್ಸ್‌ಆರ್ ಪೆಡಲ್‌ಗಳನ್ನೂ, 1980ರ ದಶಕದಲ್ಲಿ ಅಲೆಸಿಸ್ ಸಂಸ್ಥೆಯ ಅಗ್ಗದ ಡಿಜಿಟಲ್ ರಿವರ್ಬ್‌ಗಳನ್ನೂ ಕೊಟ್ಟವರು; 2010ರಲ್ಲಿ ತೀರಿಕೊಂಡರು. ಎಂಟು ಸಿದ್ಧ ಕಾರ್ಯಕ್ರಮಗಳನ್ನು ಹೊತ್ತ ಆ ಚಿಪ್ಪಿನ ನೆನಪಿನಲ್ಲಿ ಹಿಡಿಯುವ ಧ್ವನಿ ಒಂದು ಸೆಕೆಂಡಿನಷ್ಟು. ಅದಕ್ಕೆ ತಾಳ ಕೊಡುವುದು ಕೈಗಡಿಯಾರದಲ್ಲಿರುವ 32,768 ಹರ್ಟ್ಸ್‌ನ ಹರಳು. ಗಡಿಯಾರದವರ ಮನೆಯಲ್ಲಿ ಬೆಳೆದ ವಿದ್ಯೆ ಮತ್ತೆ ಗಡಿಯಾರದ ಹರಳನ್ನೇ ಹಿಡಿದು ನಿಂತಿತು.

ಹಾಗಾದರೆ ನಮ್ಮ ಐದು ವಾಟ್‌ನ ಆಂಪಿಗೆ ಯಾವುದು? ನಿಜವಾದ ಸ್ಪ್ರಿಂಗ್ ತೊಟ್ಟಿಲಿಗೆ ಉದ್ದ ಬೇಕು. ಆಂಪಿನ ಟ್ರಾನ್ಸ್‌ಫಾರ್ಮರಿನ ಬಳಿ ಇಟ್ಟರೆ ಅದರ ಗುಂಯ್‌ಗುಡುವಿಕೆಯನ್ನೂ ಅದು ಹಿಡಿದುಕೊಳ್ಳುತ್ತದೆ. ವಾಲ್ವುಗಳಿರುವ ಹಳೆಯ ಮಾದರಿಯಲ್ಲಿ ನೂರಾರು ವೋಲ್ಟ್ ಹರಿಯುವುದರಿಂದ ಅದು ಹೊಸಬರು ಕೈಹಾಕುವ ಕೆಲಸವಲ್ಲ. ಬೆಲ್ಟನ್ ಇಟ್ಟಿಗೆ ಐದು ವೋಲ್ಟ್ ಕೇಳುತ್ತದೆ. ಒಂಬತ್ತು ವೋಲ್ಟಿನ ಅಡಾಪ್ಟರಿನಿಂದ ಒಂದು ರೆಗ್ಯುಲೇಟರ್ ಅದನ್ನು ಒದಗಿಸುತ್ತದೆ. ಗುಣಗಳು ಕಡಿಮೆ, ತಪ್ಪುವ ದಾರಿಗಳೂ ಕಡಿಮೆ. ಎಫ್‌ವಿ-1ರಲ್ಲಿ ಹಲವು ಕೋಣೆಗಳಿವೆ. ಬೆಸುಗೆಯ ಕೈ ಮಾತ್ರ ಸೂಕ್ಷ್ಮವಾಗಿರಬೇಕು. ಸುರುಳಿಯ ಹನಿಯನ್ನು ಬಯಸುವವರು ಸುರುಳಿಯ ಕವಲಿಗೂ, ಕೋಣೆಯನ್ನೇ ಬಯಸುವವರು ಶ್ರೋಡರ್ ಕವಲಿಗೂ ಹೋಗಬೇಕು.

ನಾವು ಇಟ್ಟಿಗೆಯನ್ನು ಆರಿಸಿ ಕಟ್ಟಿದೆವು, ಮತ್ತು ಮೊದಲ ಸಂಜೆಯೇ ಸೋತೆವು. ತಪ್ಪು ಬೆಸುಗೆಯದಲ್ಲ, ಕ್ರಮದ್ದು. ಸಣ್ಣ ಆಂಪ್‌ಗಳಲ್ಲಿ ಬಹುಪಾಲಿಗೆ, ಧ್ವನಿ ಒಡೆದ ಮೇಲೆ ಪರಿಣಾಮಗಳನ್ನು ಸೇರಿಸುವ ನಡುದಾರಿ ಇರುವುದಿಲ್ಲ. ಪೆಡಲ್ ಆಂಪಿನ ಮುಂದೆಯೇ ಕೂರಬೇಕು. ಆಂಪನ್ನು ಏರಿಸಿ ಧ್ವನಿಯನ್ನು ಒಡೆಸಿದರೆ, ಅದು ಜೋರಾದುದನ್ನು ಅದುಮಿ ಮೆಲ್ಲನೆಯದನ್ನು ಎತ್ತುತ್ತದೆ. ಇಳಿದುಹೋಗಬೇಕಾದ ಅನುರಣನದ ಬಾಲವು ಮೀಟಿನ ಎತ್ತರಕ್ಕೇ ಏರಿ ಎರಡೂ ಕೆಸರಾಗುತ್ತವೆ. ಪೆಟ್ಟು ಮೊದಲು, ರಣನ ಅನಂತರ ಎಂಬ ಕ್ರಮವೇ ಅಲ್ಲಿ ಅಳಿಸಿಹೋಗಿತ್ತು. ಫಾಗ್ ಸಂಗ್ರಹಾಲಯದ ಉಪನ್ಯಾಸಕರ ಅವಸ್ಥೆ ಇದೇ ಇದ್ದಿರಬೇಕು.

ಮರುದಿನ ಮೂರು ಬದಲಾವಣೆ ಮಾಡಿದೆವು. ಗಿಟಾರಿನ ಮೂಲದನಿ ಇಟ್ಟಿಗೆಯನ್ನು ಹೊಕ್ಕದೆ ನೇರವಾಗಿ ಸಾಗುವ ದಾರಿಯನ್ನು ಉಳಿಸಿ, ಅನುರಣನವನ್ನು ಅದರ ಪಕ್ಕದಲ್ಲಿ ಬೆರೆಸಿದೆವು. ಅನುರಣನದ ದಾರಿಯಲ್ಲಿ ಒಂದು ಪುಟ್ಟ ಕೆಪ್ಯಾಸಿಟರ್ ಇಟ್ಟು ಅದರ ತಾರವನ್ನು ಮಂಕಾಗಿಸಿದೆವು. ದೊಡ್ಡ ಸಭಾಂಗಣದಲ್ಲಿಯೂ ಗಾಳಿ ಮತ್ತು ಗೋಡೆಗಳು ತಾರವನ್ನೇ ಮೊದಲು ನುಂಗುತ್ತವೆ. ಆಂಪನ್ನು ಒಡೆಯದ ಮಟ್ಟಕ್ಕೆ ಇಳಿಸಿ, ಬೆರಕೆಯ ಗುಂಡಿಯನ್ನು ಕಾಲುಭಾಗಕ್ಕಿಂತ ಕೆಳಗೆ ನಿಲ್ಲಿಸಿದೆವು.

ಆಗ ಮನೆಯವರು ಒಳಗಿನಿಂದ ಬಂದು, ಪೆಡಲ್ ಹಾಕಿದ್ದೀರೋ ಇಲ್ಲವೋ ಎಂದು ಕೇಳಿದರು. ಉತ್ತರವಾಗಿ ಅದನ್ನು ಕಾಲಿನಿಂದ ಆರಿಸಿದೆವು. ಗೋಡೆಗಳು ಥಟ್ಟನೆ ಹತ್ತಿರ ಬಂದವು. ಅವರು ಮತ್ತೆ ಹಾಕಿ ಎಂದರು.