ಕನ್ನಡ ಲಿಪಿಯಲ್ಲಿ ಪ್ರಾಕೃತ: ಮೂಡುಬಿದಿರೆಯ ಓಲೆಗರಿಗಳು ತಿಳಿಸುವ ಭಾಷಾಚರಿತ್ರೆ

ಮೂಡುಬಿದಿರೆಯು ಹಲವು ಭಾಷೆಗಳ ಊರು. ಅಲ್ಲಿಯ ಅನೇಕ ಶ್ರಾವಕ ಕುಟುಂಬಗಳ ಮನೆಮಾತು ತುಳು. ಶಾಸನ, ಕಾವ್ಯ, ಲೆಕ್ಕಪತ್ರಗಳಿಗೆ ಕನ್ನಡ, ಪೂಜೆ, ಪ್ರತಿಷ್ಠಾದಿ ವಿಧಿಗಳಿಗೆ ಸಂಸ್ಕೃತ, ಆಗಮಕ್ಕೆ ಪ್ರಾಕೃತ. ಪೇಟೆಯಲ್ಲಿ ಕೊಂಕಣಿಯೂ ಕೇಳಿಬರುತ್ತದೆ. ಇವುಗಳಲ್ಲಿ ಪ್ರಾಕೃತವು ಯಾವ ಮನೆಯ ಮಾತೂ ಅಲ್ಲ. ಆದರೂ ಪುಷ್ಪದಂತ-ಭೂತಬಲಿ ಆಚಾರ್ಯರ ಷಟ್ಖಂಡಾಗಮ, ಗುಣಧರಾಚಾರ್ಯರ ಕಸಾಯಪಾಹುಡ ಹಾಗೂ ಅವುಗಳ ಧವಲ, ಜಯಧವಲ ಟೀಕೆಗಳು ನಮ್ಮ ಕಾಲಕ್ಕೆ ತಲುಪಿದುದು ಈ ಊರಿನ ಸಿದ್ಧಾಂತ ಬಸದಿಯ ಓಲೆಗರಿಗಳ ಮೂಲಕ. ಅದೂ ಹಳೆಯ ಕನ್ನಡ ಅಕ್ಷರಗಳಲ್ಲಿ. ಆಡುವವರೇ ಇಲ್ಲದ ಭಾಷೆಯೊಂದು ಬೇರೆ ಭಾಷೆಗಳ ನಡುವೆ ಶತಮಾನಗಳ ಕಾಲ ಉಳಿದುದು ಹೇಗೆ, ಉಳಿದೂ ಅದು ಕಳೆದುಕೊಂಡುದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲಾಗಿದೆ.

ಸಿದ್ಧಾಂತ ಗ್ರಂಥಗಳ ಪ್ರಾಕೃತವನ್ನು ವಿದ್ವಾಂಸರು ಜೈನ ಶೌರಸೇನಿ ಎಂದು ಕರೆಯುತ್ತಾರೆ. ಇದು ಮುನಿಸಂಘದೊಡನೆ ದಕ್ಷಿಣಕ್ಕೆ ಬಂದ ಶಾಸ್ತ್ರಭಾಷೆ. ಜನರ ಮಾತಿನೊಳಗೆ ಅದು ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ‘ಬಸದಿ’ ಎಂಬ ಒಂದು ಶಬ್ದವೇ ಸಾಕು. ಸಂಸ್ಕೃತದ ‘ವಸತಿ’ಯ ತಕಾರವು ಶೌರಸೇನಿಯಲ್ಲಿ ದಕಾರವಾಗಿ ‘ವಸದಿ’ ಎಂದಾಗುತ್ತದೆ. ಕನ್ನಡದ ‘ಬಸದಿ’ ಇದರಿಂದ ಬಂದುದು. ಆಬೂ ಪರ್ವತದ ‘ವಿಮಲವಸಹಿ’, ‘ಲೂಣವಸಹಿ’ಗಳಲ್ಲಿ ಅದೇ ಶಬ್ದವು ಹಕಾರದೊಡನೆ ಬೇರೆ ಪ್ರಾಕೃತದ ರೂಪದಲ್ಲಿ ನಿಂತಿದೆ. ಹಳಗನ್ನಡದ ‘ಸಕ್ಕದ’, ‘ಪಾಗದ’, ‘ಬಿಜ್ಜೆ’, ‘ರಿಸಿ’, ‘ಜವ್ವನ’, ‘ಜೋಯಿಸ’ ಮುಂತಾದವೂ ಪ್ರಾಕೃತದ ದಾರಿಯಿಂದಲೇ ಬಂದವು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂಥ ತದ್ಭವಗಳಿಗಾಗಿ ಅಪಭ್ರಂಶ ಪ್ರಕರಣವನ್ನೇ ರಚಿಸಿದ್ದಾನೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಪ್ರಾಕೃತ ಗಾಹೆಗಳಿಂದ ಆರಂಭವಾಗಿ ಕನ್ನಡ ಗದ್ಯದಲ್ಲಿ ಸಾಗುತ್ತವೆ. ಗಾಹೆಯನ್ನು ಓದಿ ಅದರ ತಾತ್ಪರ್ಯವನ್ನು ಕನ್ನಡದಲ್ಲಿ ಹೇಳುವ ಪಾಠಕ್ರಮವೇ ಅಲ್ಲಿ ಗ್ರಂಥರೂಪ ತಾಳಿದೆ.

ಬಹುಜನರ ಭಾಷೆ ಉಳಿಯುತ್ತದೆ, ಅಲ್ಪಜನರದು ಅಳಿಯುತ್ತದೆ ಎಂಬುದು ಸಾಮಾನ್ಯ ಅಭಿಪ್ರಾಯ. ಸಿದ್ಧಾಂತ ಗ್ರಂಥಗಳ ಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ. ತುಂಬುಳೂರಾಚಾರ್ಯರು ಎರಡೂ ಸಿದ್ಧಾಂತಗಳಿಗೆ, ಷಟ್ಖಂಡಾಗಮದ ಆರನೆಯ ಖಂಡವನ್ನು ಬಿಟ್ಟು, ‘ಚೂಡಾಮಣಿ’ ಎಂಬ ಎಂಬತ್ತನಾಲ್ಕು ಸಾವಿರ ಶ್ಲೋಕಪ್ರಮಾಣದ ಕನ್ನಡ ವ್ಯಾಖ್ಯೆಯನ್ನು ರಚಿಸಿದರೆಂದು ಇಂದ್ರನಂದಿಯ ಶ್ರುತಾವತಾರದಿಂದ ತಿಳಿದುಬರುತ್ತದೆ. ೧೬೦೪ರಲ್ಲಿ ಶಬ್ದಾನುಶಾಸನವನ್ನು ಪೂರೈಸಿದ ಭಟ್ಟಾಕಳಂಕದೇವನೂ ಇದೇ ಹೆಸರಿನ ತೊಂಬತ್ತಾರು ಸಾವಿರ ಪ್ರಮಾಣದ ಕನ್ನಡ ವ್ಯಾಖ್ಯಾನವನ್ನು ಸ್ಮರಿಸುತ್ತಾನೆ. ಇವೆರಡೂ ಒಂದೇ ಗ್ರಂಥವೇ ಎಂಬ ವಿಷಯದಲ್ಲಿ ಚರ್ಚೆಯುಂಟು. ಅದು ಹೇಗೇ ಇರಲಿ, ಇಂದು ಚೂಡಾಮಣಿಯ ಪ್ರತಿ ದೊರೆಯುತ್ತಿಲ್ಲ. ನಾಡಭಾಷೆಯಲ್ಲಿದ್ದ ವ್ಯಾಖ್ಯೆ ನಷ್ಟವಾಯಿತು. ಯಾರ ಮನೆಮಾತೂ ಅಲ್ಲದ ಭಾಷೆಯ ಸೂತ್ರಗಳೂ ಎಪ್ಪತ್ತೆರಡು ಸಾವಿರ ಪ್ರಮಾಣದ ಧವಲವೂ ಉಳಿದವು.

ಇದಕ್ಕೆ ಕಾರಣವನ್ನು ಆ ಓಲೆಗರಿಗಳ ಪ್ರಶಸ್ತಿಗಳಲ್ಲಿಯೇ ಕಾಣಬಹುದು. ಮಹಾಬಂಧದ ಪ್ರತಿಯನ್ನು ಬರೆಯಿಸಿದವಳು ಮಲ್ಲಿಕಬ್ಬೆ ಎಂಬ ಶ್ರಾವಕಿ. ಶ್ರೀಪಂಚಮೀ ನೋಂಪಿಯ ಉದ್ಯಾಪನೆಯಲ್ಲಿ ಅದನ್ನು ಮಾಘನಂದಿ ಯತಿಪತಿಗಳಿಗೆ ಅವಳು ದಾನ ಮಾಡಿದಳು. ಆಕೆ ಆ ಗ್ರಂಥವನ್ನು ಓದಿ ಅರ್ಥಮಾಡಿಕೊಂಡಳೆಂದು ಭಾವಿಸಬೇಕಾಗಿಲ್ಲ. ಶಾಸ್ತ್ರದಾನವು ನಾಲ್ಕು ದಾನಗಳಲ್ಲಿ ಒಂದು. ಶ್ರುತವನ್ನು ಬರೆಯಿಸುವುದು ವ್ರತದ ಅಂಗ. ಪ್ರಾಕೃತ ಗ್ರಂಥದ ಕೊನೆಗೆ ಕನ್ನಡ ಪದ್ಯಗಳಲ್ಲಿಯೂ ಪ್ರಶಸ್ತಿಯಿರುವುದನ್ನು ಗಮನಿಸಬೇಕು. ಒಳಗಿನ ಭಾಷೆ ಶ್ರುತದ್ದು, ಹೊರಗಿನ ಭಾಷೆ ಅದನ್ನು ಹೊತ್ತವರದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ ಅತ್ತಿಮಬ್ಬೆಯು ಕನ್ನಡ ಕಾವ್ಯಕ್ಕೆ ಇದೇ ಉಪಕಾರವನ್ನು ಮಾಡಿದಳು. ಮೂಲಸೂತ್ರಕ್ಕಿದ್ದ ಈ ವ್ರತದ ಆಸರೆ ವ್ಯಾಖ್ಯೆಗಳಿಗೆ ಅಷ್ಟಾಗಿ ದೊರೆತಂತೆ ಕಾಣುವುದಿಲ್ಲ. ವ್ಯಾಖ್ಯೆಯು ಪಾಠ ನಡೆಯುವವರೆಗೆ ಬೇಕು. ಪಾಠ ನಿಂತರೆ ಅದನ್ನು ಪ್ರತಿಮಾಡುವವರೂ ಇಲ್ಲವಾಗುತ್ತಾರೆ.

ಪಾಠವು ನಡೆಯುತ್ತಿದ್ದ ಕಾಲದ ಉತ್ತಮ ನಿದರ್ಶನ ಕೇಶವವರ್ಣಿಗಳದು. ಅಭಯಸೂರಿ ಸಿದ್ಧಾಂತಚಕ್ರವರ್ತಿಗಳ ಶಿಷ್ಯರಾದ ಇವರು ಗೊಮ್ಮಟಸಾರದ ಪ್ರಾಕೃತ ಗಾಹೆಗಳಿಗೆ ೧೩೫೯ರಲ್ಲಿ ಕನ್ನಡ ವೃತ್ತಿಯನ್ನು ಪೂರೈಸಿದರು. ಸಂಸ್ಕೃತ ಪದಗಳು ಹೇರಳವಾಗಿದ್ದರೂ ಅದರ ಅನ್ವಯ, ಕ್ರಿಯಾಪದಗಳು, ವಾಕ್ಯದ ನಡೆ ಕನ್ನಡದವು. ಅನಂತರ ನೇಮಿಚಂದ್ರ ಎಂಬ ಬೇರೊಬ್ಬ ಟೀಕಾಕಾರರು ಇದನ್ನು ಅನುಸರಿಸಿ ಸಂಸ್ಕೃತದಲ್ಲಿ ಜೀವತತ್ತ್ವಪ್ರದೀಪಿಕೆಯನ್ನು ಬರೆದರು. ಆ ಸಂಸ್ಕೃತ ಟೀಕೆಯ ಆಧಾರದ ಮೇಲೆ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ಢೂಂಢಾರೀ ಭಾಷೆಯಲ್ಲಿ ಸಮ್ಯಗ್ಜ್ಞಾನಚಂದ್ರಿಕೆಯನ್ನು ರಚಿಸಿದರು. ಪ್ರಾಕೃತದಿಂದ ಕನ್ನಡಕ್ಕೆ, ಕನ್ನಡದಿಂದ ಸಂಸ್ಕೃತಕ್ಕೆ, ಅಲ್ಲಿಂದ ಢೂಂಢಾರಿಗೆ ಅರ್ಥವು ಹೀಗೆ ಸಾಗಿತು. ಉತ್ತರದಲ್ಲಿ ಸಂಸ್ಕೃತ ಟೀಕೆಯೇ ಕೇಶವವರ್ಣಿಗಳದೆಂಬ ಭಾವನೆ ನೆಲೆಗೊಂಡು ಕನ್ನಡದ ಮೂಲವು ಮರೆವಿಗೆ ಸಂದಿತ್ತು. ಡಾ. ಆ. ನೇ. ಉಪಾಧ್ಯೆಯವರು ಈ ಭ್ರಮೆಯನ್ನು ನಿವಾರಿಸಿದರು. ೧೯೭೮ರಿಂದ ಭಾರತೀಯ ಜ್ಞಾನಪೀಠವು ಆ ಕನ್ನಡ ವೃತ್ತಿಯನ್ನು ನಾಗರೀ ಲಿಪಿಯಲ್ಲಿ ಪ್ರಕಟಿಸಿತು. ಭಾಷೆಗಳು ಪರಸ್ಪರ ಶತ್ರುಗಳಲ್ಲ. ಆದರೆ ಒಂದರ ಸ್ಥಾನಕ್ಕೆ ಇನ್ನೊಂದು ಬಂದಾಗ ಹಿಂದಿನದರ ಹೆಸರೂ ಅಳಿಸಿಹೋಗುವುದುಂಟು.

ಮುಂದಿನ ಶತಮಾನಗಳಲ್ಲಿ ಸಿದ್ಧಾಂತದ ಪಾಠಪರಂಪರೆ ಕ್ಷೀಣಿಸಿತು. ಗೃಹಸ್ಥರಿಗೆ ಸಿದ್ಧಾಂತಾಧ್ಯಯನದ ಅಧಿಕಾರವಿಲ್ಲವೆಂಬ ನಂಬಿಕೆ ಪ್ರಬಲವಾಗಿತ್ತು. ಓಲೆಗರಿಗಳು ದರ್ಶನದ ವಸ್ತುಗಳಾದವು. ಯಾತ್ರಿಕರು ಅವುಗಳಿಗೆ ಅರ್ಘ್ಯವೆತ್ತಿ ಮರಳುತ್ತಿದ್ದರು. ಈ ಭಕ್ತಿಯನ್ನು ಲಘುವಾಗಿ ಕಾಣಲಾಗದು. ಅದಿಲ್ಲದಿದ್ದರೆ ಗರಿಗಳೇ ಉಳಿಯುತ್ತಿರಲಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರೂ ಸೋಲಾಪುರದ ಹೀರಾಚಂದ ನೇಮಚಂದರೂ ಈ ಗ್ರಂಥಗಳ ಉದ್ಧಾರಕ್ಕೆ ಮನಸ್ಸು ಮಾಡಿದಾಗ, ಆ ಹಳೆಯ ಅಕ್ಷರಗಳನ್ನು ಓದಬಲ್ಲವರನ್ನು ಹುಡುಕಬೇಕಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಅಂಥವರಾಗಿದ್ದರು. ೧೮೯೬ರ ಸುಮಾರಿಗೆ ಅವರು ಗಜಪತಿ ಉಪಾಧ್ಯಾಯರೊಡನೆ ಪ್ರತಿಲಿಪಿಯ ಕಾರ್ಯವನ್ನು ಆರಂಭಿಸಿದರು. ಅವರ ನಿಧನಾನಂತರ ಉಪಾಧ್ಯಾಯರು ಅದನ್ನು ಮುಂದುವರಿಸಿದರು. ಮೂರು ಗ್ರಂಥಗಳ ಪ್ರತಿಲಿಪಿ ಮುಗಿಯಲು ಕಾಲು ಶತಮಾನವೇ ಬೇಕಾಯಿತು. ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ಸಹಾಯದಿಂದ ಗುಪ್ತವಾಗಿ ಮಾಡಿಕೊಂಡ ಕನ್ನಡ ಪ್ರತಿಯೊಂದು ಸಹಾರನಪುರವನ್ನು ಸೇರಿ, ಅಲ್ಲಿ ನಾಗರಿಗೆ ತಿರುಗಿ, ಮುಂದೆ ಇತರ ಭಂಡಾರಗಳಿಗೆ ಹರಡಿತು. ಡಾ. ಹೀರಾಲಾಲ ಜೈನರು ೧೯೩೯ರಲ್ಲಿ ಅಮರಾವತಿಯಿಂದ ಧವಲದ ಮೊದಲ ಸಂಪುಟವನ್ನು ಪ್ರಕಟಿಸಿದುದು ಈ ಪ್ರತಿಯ ಸಂತತಿಯಿಂದ.

ಭಾಷೆಯನ್ನು ಅರಿಯದೆ ಲಿಪಿಯನ್ನು ಮಾತ್ರ ಅರಿತರೆ ಏನಾಗುತ್ತದೆಂಬುದನ್ನು ಈಗ ನೋಡಬಹುದು. ಹಳೆಯ ಕನ್ನಡ ಲಿಪಿಯ ಪ್ರಾಕೃತ ಪ್ರತಿಗಳಲ್ಲಿ ಅಕ್ಷರದ ಹಿಂದಿನ ಸೊನ್ನೆಯು ಎರಡು ಕೆಲಸಗಳನ್ನು ಮಾಡುತ್ತದೆ. ಕೆಲವೆಡೆ ಅದು ಅನುಸ್ವಾರ. ಕೆಲವೆಡೆ ಮುಂದಿನ ವ್ಯಂಜನದ ದ್ವಿತ್ವಸೂಚಕ. ಗರಿಯಲ್ಲಿ ‘ಸಂವ’ ಎಂದಿದ್ದರೆ ಅದನ್ನು ‘ಸವ್ವ’ ಎಂದೂ, ‘ದಂವ’ ಎಂದಿದ್ದರೆ ‘ದವ್ವ’ ಎಂದೂ ಓದಬೇಕು. ಪ್ರಾಕೃತ ಬಲ್ಲವನಿಗೆ ಇಲ್ಲಿ ಕಷ್ಟವಿಲ್ಲ, ಸಂವ ಎಂಬ ಪದ ಅಲ್ಲಿ ಹೊಂದುವುದಿಲ್ಲ. ಆದರೆ ‘ಸಂತ’ ಎಂದಿದ್ದರೆ? ಅದು ಕರ್ಮದ ಸತ್ತ್ವವನ್ನು ಹೇಳುವ ‘ಸಂತ’ವೂ ಆಗಬಹುದು, ಏಳು ಎಂಬ ಸಂಖ್ಯೆಯನ್ನು ಹೇಳುವ ‘ಸತ್ತ’ವೂ ಆಗಬಹುದು. ಕರ್ಮಪ್ರಕೃತಿಗಳ ಗಣನೆ ನಡೆಯುವ ಗ್ರಂಥದಲ್ಲಿ ಎರಡೂ ಪದಗಳಿಗೆ ಎಡೆಯುಂಟು. ಹಾಗೆಯೇ ‘ಅಂತ’ ಎಂಬುದು ಕೊನೆಯೂ ಆಗಬಹುದು, ಆಪ್ತ ಎಂಬರ್ಥದ ‘ಅತ್ತ’ವೂ ಆಗಬಹುದು. ಇಲ್ಲಿ ಲಿಪಿಜ್ಞಾನ ಸಾಲದು, ವ್ಯಾಕರಣವೂ ಸಾಲದು. ಪ್ರಕರಣದಲ್ಲಿ ಯಾವ ಗುಣಸ್ಥಾನದ ಯಾವ ಪ್ರಕೃತಿಯ ವಿಚಾರ ನಡೆದಿದೆಯೆಂಬುದನ್ನು ತಿಳಿದವನೇ ನಿರ್ಣಯಿಸಬೇಕು. ದಕಾರ-ಧಕಾರ, ಬಕಾರ-ಭಕಾರಗಳ ಹೋಲಿಕೆಯಿಂದ ಬರುವ ತೊಡಕುಗಳು ಇದಕ್ಕೆ ಸೇರುತ್ತವೆ.

ಒಂದು ಪದದ ಬೆಲೆ ಎಷ್ಟೆಂಬುದಕ್ಕೆ ಸತ್ಪ್ರರೂಪಣೆಯ ತೊಂಬತ್ತಮೂರನೆಯ ಸೂತ್ರದ ಪ್ರಸಂಗವು ಪಂಡಿತರಿಗೆ ವಿದಿತವೇ ಆಗಿದೆ. ಸಂಪಾದಕರಿಗೆ ದೊರೆತ ನಾಗರೀ ಪ್ರತಿಗಳಲ್ಲಿ ಆ ಸೂತ್ರದ ‘ಸಂಜದ’ ಪದವಿರಲಿಲ್ಲ. ಟೀಕೆಯ ನಡೆಯನ್ನು ನೋಡಿ ಆ ಪದವು ಅಲ್ಲಿರಬೇಕೆಂದು ಅವರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಆ ಪದದ ಇರವು ಮನುಷ್ಯಿನಿಯ ಗುಣಸ್ಥಾನಗಳ ವಿಚಾರವನ್ನು ಮುಟ್ಟುವುದರಿಂದ ಸಮಾಜದಲ್ಲಿ ತೀವ್ರವಾದ ವಾದವೆದ್ದಿತು. ಮೂಡುಬಿದಿರೆಯ ತಾಡಪತ್ರಗಳೊಡನೆ ತಾಳೆ ನೋಡಿದಾಗ ಆ ಪದವು ಅಲ್ಲಿದ್ದುದು ಕಂಡುಬಂದಿತು. ಭಾವವೇದ-ದ್ರವ್ಯವೇದಗಳ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ನಮ್ಮ ಪ್ರಕೃತ ವಿಷಯಕ್ಕೆ ಇಷ್ಟು ಸಾಕು: ಪ್ರತಿಯ ಪ್ರತಿಯಲ್ಲಿ ಬಿದ್ದುಹೋದ ಪದವನ್ನು ಪ್ರಾಕೃತವನ್ನೂ ಸಿದ್ಧಾಂತವನ್ನೂ ಅರಿತವರು ಊಹಿಸಿದರು, ಹಳೆಯ ಕನ್ನಡ ಅಕ್ಷರಗಳು ಅದಕ್ಕೆ ಸಾಕ್ಷ್ಯ ನುಡಿದವು. ಇವೆರಡರಲ್ಲಿ ಒಂದಿಲ್ಲದಿದ್ದರೂ ವಾದವು ಕೇವಲ ವಾದವಾಗಿಯೇ ಉಳಿಯುತ್ತಿತ್ತು.

ತುಳುವಿನ ಸ್ಥಿತಿ ಇದಕ್ಕೆ ವಿಪರೀತವಾದುದು. ೨೦೧೧ರ ಜನಗಣತಿಯಂತೆ ಅದನ್ನು ಆಡುವವರು ಹದಿನೆಂಟು ಲಕ್ಷಕ್ಕೂ ಮಿಕ್ಕಿದ್ದಾರೆ. ತಿಗಳಾರಿ ಲಿಪಿಯಲ್ಲಿ ಶ್ರೀ ಭಾಗವತೊ, ಕಾವೇರಿ ಮೊದಲಾದ ಹಳೆಯ ತುಳು ಕಾವ್ಯಗಳು ದೊರೆತಿದ್ದು, ವೆಂಕಟರಾಜ ಪುಣಿಂಚತ್ತಾಯರು ಅವನ್ನು ಸಂಪಾದಿಸಿದ್ದಾರೆ. ಆದರೆ ತುಳುನಾಡಿನ ಜೈನರು ಶಾಸ್ತ್ರವನ್ನು ಬರೆದುದು ಬಹುತೇಕ ಕನ್ನಡ ಅಕ್ಷರಗಳಲ್ಲಿ, ತುಳುವಿನಲ್ಲಿ ಅಲ್ಲ. ೧೯೪೮ರಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಪ್ರಕಟಿಸಿದ, ಮೂಡುಬಿದಿರೆ, ಕಾರ್ಕಳ ಮುಂತಾದೆಡೆಗಳ ಭಂಡಾರಗಳ ತಾಡಪತ್ರೀಯ ಗ್ರಂಥಸೂಚಿಯನ್ನು ತಿರುವಿದರೆ ಪ್ರಾಕೃತ, ಸಂಸ್ಕೃತ, ಕನ್ನಡಗಳೇ ಕಣ್ಣಿಗೆ ಬೀಳುತ್ತವೆ. ತುಳುವನ್ನು ಉಳಿಸಿದುದು ತಾಯಂದಿರ ಮಾತು, ಪ್ರಾಕೃತವನ್ನು ಉಳಿಸಿದುದು ನೋಂಪಿ ಮತ್ತು ಕಂಠ. ಸಮುದಾಯವು ತಾನು ಬಿಡಲಾಗದ ಒಂದು ಕಾರ್ಯವನ್ನು ಯಾವ ಭಾಷೆಗೆ ವಹಿಸಿತೋ ಆ ಭಾಷೆ ಆ ಕಾರ್ಯದ ಮಟ್ಟಿಗೆ ಉಳಿಯಿತು. ವಹಿಸದ ಕಾರ್ಯಗಳಲ್ಲಿ ಬೆಳೆಯಲಿಲ್ಲ. ಪಂಚನಮಸ್ಕಾರವನ್ನೂ ಪ್ರಾಕೃತ ಭಕ್ತಿಪಾಠಗಳನ್ನೂ ಇಂದಿಗೂ ಅಕ್ಷರಲೋಪವಿಲ್ಲದೆ ಹೇಳುವ ಶ್ರಾವಕರಿದ್ದಾರೆ. ಅವುಗಳಲ್ಲಿ ಒಂದು ವಾಕ್ಯದ ವಿಭಕ್ತಿಯನ್ನು ಬಿಡಿಸಿ ಹೇಳಬಲ್ಲವರು ವಿರಳ.

೨೦೨೪ರ ಅಕ್ಟೋಬರ್ ತಿಂಗಳಲ್ಲಿ ಕೇಂದ್ರ ಸರಕಾರವು ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವನ್ನು ನೀಡಿತು. ಶ್ರವಣಬೆಳಗೊಳದಲ್ಲಿ ಪ್ರಾಕೃತಾಧ್ಯಯನಕ್ಕೆಂದೇ ಸಂಸ್ಥೆಯೊಂದು ಸ್ಥಾಪಿತವಾಗಿದೆ. ಧವಲವು ಕನ್ನಡಕ್ಕೂ ಅನುವಾದಗೊಂಡಿದೆ. ಇವು ಸಂತೋಷದ ಸಂಗತಿಗಳು. ಓಲೆಗರಿಗಳ ಛಾಯಾಚಿತ್ರಗಳನ್ನು ತೆಗೆದಿರಿಸುವುದೂ ಈಗ ಸುಲಭವಾಗಿದೆ. ಆದರೆ ಛಾಯಾಚಿತ್ರವು ಸೊನ್ನೆಯನ್ನು ಸೊನ್ನೆಯೆಂದು ತೋರಿಸಬಲ್ಲುದು, ಅದು ಬಿಂದುವೋ ದ್ವಿತ್ವವೋ ಎಂದು ಹೇಳಲಾರದು. ಬ್ರಹ್ಮಸೂರಿ ಶಾಸ್ತ್ರಿಗಳ ಕಾಲದಲ್ಲಿ ಗರಿಗಳಿದ್ದು ಓದುವವರು ವಿರಳರಾಗಿದ್ದರು. ಚಿತ್ರಗಳಿದ್ದು ಓದುವವರಿಲ್ಲದ ಕಾಲವು ಬಾರದಿರಬೇಕಾದರೆ ಹಳೆಯ ಲಿಪಿ, ಪ್ರಾಕೃತ ವ್ಯಾಕರಣ, ಸಿದ್ಧಾಂತ ಈ ಮೂರನ್ನೂ ಒಬ್ಬನೇ ವಿದ್ಯಾರ್ಥಿಗೆ ಒಟ್ಟಿಗೆ ಕಲಿಸುವ ಪಾಠ ನಡೆಯಬೇಕು. ಮೂವರು ಬೇರೆ ಬೇರೆ ವಿದ್ವಾಂಸರು ಇವನ್ನು ಬೇರೆ ಬೇರೆಯಾಗಿ ಬಲ್ಲರೆಂಬುದರಿಂದ ‘ಸಂತ’-‘ಸತ್ತ’ಗಳ ನಿರ್ಣಯವಾಗುವುದಿಲ್ಲ. ನಮ್ಮ ಮಠಗಳೂ ಪಾಠಶಾಲೆಗಳೂ ದ್ರವ್ಯಸಂಗ್ರಹದಂಥ ಚಿಕ್ಕ ಗ್ರಂಥವೊಂದನ್ನು ಅಚ್ಚಿನ ಪುಸ್ತಕದಿಂದಲ್ಲದೆ ಓಲೆಗರಿಯಿಂದಲೇ ಪಾಠ ಹೇಳಿ ಇದನ್ನು ಆರಂಭಿಸಬಹುದು. ಐವತ್ತೆಂಟು ಗಾಹೆಗಳ ಗ್ರಂಥವದು; ಒಂದು ಚಾತುರ್ಮಾಸದಲ್ಲಿ ಮುಗಿಯುತ್ತದೆ.