ಉಪ್ಪುಂಡ ಲೋಹ

ಹಳಗನ್ನಡ ಕಾವ್ಯವನ್ನು ಪಾಠ ಹೇಳಿಕೊಂಡು ಬಂದವನು ಲೋಹದ ಮಾತೆತ್ತುವುದು ಅಧಿಕಪ್ರಸಂಗವೆಂದು ನಿಮಗೆ ತೋರೀತು. ಅದಕ್ಕೊಂದು ಕಾರಣವಿದೆ. ಹಡಗಿನ ಯಂತ್ರಗಳ ಕೆಲಸದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಮನೆಗೆ ಬಂದಾಗ, ಬೆರಳುದ್ದದ ಲೋಹದ ಅಲಗೊಂದನ್ನು ಮೇಜಿನ ಮೇಲಿಟ್ಟ. ಅದು ಗ್ಯಾಸ್ ಟರ್ಬೈನಿನ ಅಲಗು. ಮೈಯೆಲ್ಲ ಉಬ್ಬಿ, ಪದರುಪದರಾಗಿ ಬಿರಿದಿತ್ತು. “ಬೆಂಕಿಯ ಕೆಲಸವೇನಪ್ಪ?” ಎಂದೆ. “ಬೆಂಕಿಯೊಂದೇ ಅಲ್ಲ ಸಾರ್, ಉಪ್ಪು” ಎಂದ. ಆ ಮಾತಿನ ಬೆನ್ನು ಹತ್ತಿ ನಾನು ಓದಿ ತಿಳಿದುದು ಇಷ್ಟು.

ಬ್ರಿಟನ್ನಿನ ಫ್ರಾಂಕ್ ವಿಟಲ್ 1937ರಲ್ಲಿ ತನ್ನ ಜೆಟ್ ಎಂಜಿನನ್ನು ನೆಲದ ಮೇಲೆ ಓಡಿಸಿ ನೋಡಿದ. 1941ರ ಮೇ ತಿಂಗಳಲ್ಲಿ ಅವನ ಎಂಜಿನು ವಿಮಾನವೊಂದನ್ನು ಹಾರಿಸಿತು. ಕೆಂಪಗೆ ಕಾದರೂ ಬಾಗದ ಲೋಹ ಆಗ ಬೇಕಾಯಿತು. ನಿಕ್ಕಲಿಗೆ ನೂರಕ್ಕೆ ಸುಮಾರು 20 ಪಾಲು ಕ್ರೋಮಿಯಂ ಬೆರೆಸಿದ ನಿಮೋನಿಕ್ ಮಿಶ್ರಲೋಹಗಳು 1940ರ ದಶಕದಲ್ಲಿ ಬಂದವು. ಕ್ರೋಮಿಯಂ ಕಾದಾಗ ಆಮ್ಲಜನಕದೊಡನೆ ಕೂಡಿ ಲೋಹದ ಮೇಲೆ ತೆಳುವಾದ ಪೊರೆಯೊಂದನ್ನು ಹೊದಿಸುತ್ತದೆ. ಆ ಪೊರೆಯೇ ಅಲಗಿನ ಕವಚ.

ಎಂಜಿನುಗಳು ಇನ್ನೂ ಬಿಸಿಯಾಗಿ ಓಡಬೇಕೆಂಬ ಹಂಬಲ ಬೆಳೆಯಿತು. ಲೋಹದ ಬಲ ಹೆಚ್ಚಿಸಲು ಅಲ್ಯೂಮಿನಿಯಂ ಮೊದಲಾದವನ್ನು ಹೆಚ್ಚಿಸಿ ಕ್ರೋಮಿಯಂ ತಗ್ಗಿಸಿದರು. ಕವಚವನ್ನು ಕೊಟ್ಟು ಶಕ್ತ್ಯಾಯುಧವನ್ನು ಪಡೆದ ಕರ್ಣನ ನೆನಪು ನನಗೆ ಇಲ್ಲಿ ಬರುತ್ತದೆ. ಶುದ್ಧವಾದ ಗಾಳಿಯಲ್ಲಿ ಈ ಕೊರತೆ ಅಷ್ಟಾಗಿ ತೋರಲಿಲ್ಲ. 1960ರ ದಶಕದ ಕೊನೆಗೆ, ವಿಯೆಟ್ನಾಂ ಯುದ್ಧಕಾಲದಲ್ಲಿ ಕಡಲ ಮೇಲೆ ಹಾರಿದ ಸೈನಿಕ ವಿಮಾನಗಳ ಎಂಜಿನುಗಳಲ್ಲಿ ಅಲಗುಗಳು ಬೇಗಬೇಗನೆ ತಿಂದುಹೋದಾಗ ಎಲ್ಲರೂ ಎಚ್ಚೆತ್ತರು.

ಒಂದು ಕಿಲೋಗ್ರಾಂ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ತೆರೆಯ ತುಂತುರಿನೊಡನೆ ಅವು ಎಂಜಿನಿನ ಒಳಹೊಗುತ್ತವೆ. ಇಂಧನದಲ್ಲಿರುವ ಗಂಧಕ ಉರಿದು, ಉಪ್ಪಿನ ಸೋಡಿಯಂ ಜೊತೆ ಸೇರಿ ಸೋಡಿಯಂ ಸಲ್ಫೇಟ್ ಆಗುತ್ತದೆ. ಅದು ಅಲಗಿನ ಮೇಲೆ ಕುಳಿತು, 884 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಕರಗಿದ ಲವಣದಲ್ಲಿ ಆ ಪೊರೆಯೂ ಕರಗಿಹೋಗುತ್ತದೆ. ಗಂಧಕ ಲೋಹದೊಳಕ್ಕಿಳಿದು ಉಳಿದ ಕ್ರೋಮಿಯಮ್ಮನ್ನೂ ಹಿಡಿದುಬಿಡುತ್ತದೆ. 1970ರ ದಶಕದಲ್ಲಿ ಇನ್ನೊಂದು ಸಂಗತಿ ತಿಳಿಯಿತು: ಬಿಸಿ ತಗ್ಗಿಸಿ ಓಡಿಸಿದ ಹಡಗಿನ ಟರ್ಬೈನುಗಳಲ್ಲಿ, ಸುಮಾರು 700 ಡಿಗ್ರಿಯಲ್ಲಿಯೂ ಈ ಹಾನಿ ತಪ್ಪಲಿಲ್ಲ. ಕೋಬಾಲ್ಟಿನ ಸಲ್ಫೇಟು ಬೆರೆತರೆ ಆ ಲವಣ ಇನ್ನೂ ಬೇಗ ಕರಗುತ್ತದೆ.

ಕ್ರೋಮಿಯಂ ಹೆಚ್ಚಿರುವ ಲೋಹ, ಮೇಲೆ ರಕ್ಷಕ ಲೇಪ, ಗಾಳಿಯನ್ನು ಸೋಸುವ ವ್ಯವಸ್ಥೆ, ಗಂಧಕ ಕಡಮೆಯಿರುವ ಇಂಧನ, ಇವೆಲ್ಲ ಪರಿಹಾರವಾಗಿ ಬಂದವು. ಇವುಗಳ ಜೊತೆಗೆ ತೀರ ಸರಳವಾದುದೂ ಒಂದಿದೆ: ಎಂಜಿನನ್ನು ಆಗಾಗ ಸಿಹಿನೀರಿನಿಂದ ತೊಳೆಯುವುದು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ನಮ್ಮ ಹಿರಿಯರ ಮಾತು ಲೋಹಕ್ಕೂ ಸಲ್ಲುತ್ತದೆ!

ಆ ಅಲಗು ಇನ್ನೂ ನನ್ನ ಮೇಜಿನ ಮೇಲಿದೆ. ಅಂಥವನ್ನು ನಂಬಿ ಎಷ್ಟೋ ಮಂದಿ ಕಡಲನ್ನು ದಾಟುತ್ತಾರೆ. ಬಲವನ್ನು ಅರಸುವಾಗ ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ಕೇಳಿಕೊಳ್ಳುವುದು ಲೋಹಶಾಸ್ತ್ರಜ್ಞರಿಗೆ ಮಾತ್ರ ಬಿಟ್ಟ ವಿಚಾರವಲ್ಲವೆಂದು ನನಗೆ ತೋರುತ್ತದೆ.